ಲೈಫ್‌ರೇ ಪೋರ್ಟಲ್: ಯಾರಿಗೆ ಯಾವ ಪುಟ ಕಾಣುತ್ತದೆ ಎಂಬುದನ್ನು ನೋಡಿಕೊಳ್ಳುವ ಕೆಲಸ

ಸಂಸ್ಥೆಗಳು ತಮ್ಮ ಜನರಿಗಾಗಿ ಜಾಲತಾಣ ಕಟ್ಟಲು ಬಳಸುವ ತಂತ್ರಾಂಶವಾದ ಲೈಫ್‌ರೇ ಪೋರ್ಟಲ್‌ನ ಉಚಿತ ಸಮುದಾಯ ಆವೃತ್ತಿಯನ್ನು ಕೆಲವು ವರ್ಷಗಳಿಂದ ನಿರ್ವಹಿಸುತ್ತಿದ್ದೇನೆ. ಅದರ ಸೌಲಭ್ಯಗಳ ಪಟ್ಟಿ ಬೇರೆಡೆ ಸುಲಭವಾಗಿ ಸಿಗುತ್ತದೆ. ಆದ್ದರಿಂದ ನನ್ನ ಹೆಚ್ಚಿನ ಸಮಯ ಯಾವುದಕ್ಕೆ ಹೋಗುತ್ತದೆಯೋ ಅದರ ಬಗ್ಗೆ ಮಾತ್ರ ಬರೆಯುತ್ತೇನೆ: ಯಾವ ಪುಟವನ್ನು ಯಾರು ನೋಡಬೇಕು, ನೋಡಿದವರು ಅದರಲ್ಲಿ ಎಷ್ಟನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು ಎಂಬುದರ ನಿರ್ವಹಣೆ.

ಇದರ ಅನುಮತಿ ವ್ಯವಸ್ಥೆ ಮೊದಮೊದಲು ನನಗೆ ಹಿಡಿಸಲೇ ಇಲ್ಲ. ಪುಟದ ಪರ್ಮಿಷನ್ಸ್ ಕಿಟಕಿಯನ್ನು ತೆರೆದರೆ ಎಡಗಡೆ ಗೆಸ್ಟ್, ಓನರ್, ಪವರ್ ಯೂಸರ್, ಸೈಟ್ ಮೆಂಬರ್, ಯೂಸರ್ ಮುಂತಾದ ಪಾತ್ರಗಳು, ಅಂದರೆ ಬಳಕೆದಾರರಿಗೆ ಅನುಮತಿಗಳನ್ನು ಕೊಡಲು ಬಳಸುವ ರೋಲ್‌ಗಳು, ಸಾಲಾಗಿ ಕಾಣುತ್ತವೆ. ಮೇಲ್ಗಡೆ ವ್ಯೂ, ಅಪ್‌ಡೇಟ್, ಡಿಲೀಟ್, ಕಸ್ಟಮೈಸ್ ಎಂಬಂಥ ಕ್ರಿಯೆಗಳು, ನಡುವೆ ಗುರುತು ಹಾಕುವ ಚೌಕಗಳು. ಗುರುತು ಇದ್ದರೆ ಆ ಪಾತ್ರದವರಿಗೆ ಅನುಮತಿ ಇದೆ. ಇಲ್ಲದಿದ್ದರೆ ಆ ಪಾತ್ರದಿಂದ ಸಿಗುವುದಿಲ್ಲ, ಅಷ್ಟೇ. 'ಇವರಿಗೆ ಮಾತ್ರ ಬೇಡ' ಎಂದು ಹೇಳಲು ಅಲ್ಲಿ ಜಾಗವೇ ಇಲ್ಲ. ಒಬ್ಬರಿಗೆ ಇರುವ ಎಲ್ಲ ಪಾತ್ರಗಳ ಅನುಮತಿಗಳೂ ಒಟ್ಟುಗೂಡುತ್ತವೆ, ಒಂದು ಪಾತ್ರ ಕೊಟ್ಟದ್ದನ್ನು ಮತ್ತೊಂದು ಪಾತ್ರ ಕಿತ್ತುಕೊಳ್ಳಲಾರದು. ಹೀಗಾಗಿ ಒಂದು ವಿಭಾಗದ ಎಲ್ಲರಿಗೂ ತೆರೆದಿರುವ ಪುಟವನ್ನು ಅದೇ ವಿಭಾಗದ ತಾತ್ಕಾಲಿಕ ಸಿಬ್ಬಂದಿಗೆ ಮರೆಮಾಡಬೇಕಾದರೆ, ಮೊದಲು ಎಲ್ಲರ ಅನುಮತಿಯನ್ನೂ ತೆಗೆದು, ನೋಡಬೇಕಾದವರಿಗೆಂದೇ ಹೊಸ ಪಾತ್ರವೊಂದನ್ನು ರಚಿಸಿ, ಅದನ್ನು ಅವರವರಿಗೆ ಹಂಚಬೇಕು. ಇಷ್ಟು ಸಣ್ಣ ಅಗತ್ಯಕ್ಕೆ ಇಷ್ಟು ದೊಡ್ಡ ಸುತ್ತು ಏಕೆ ಎಂದು ಬೇಸರವಾಗುತ್ತಿತ್ತು.

ಆ ಬೇಸರ ಕ್ರಮೇಣ ಕರಗಿತು. ಅನುಮತಿಗಳು ಕೂಡುತ್ತಲೇ ಹೋಗುವ ವ್ಯವಸ್ಥೆಯಲ್ಲಿ 'ಈ ಪುಟ ಇವರಿಗೆ ಏಕೆ ಕಾಣುತ್ತಿದೆ' ಎಂಬ ಪ್ರಶ್ನೆಗೆ ಉತ್ತರ ಅವರ ಯಾವುದೋ ಒಂದು ಪಾತ್ರದಲ್ಲಿ ಇದ್ದೇ ಇರುತ್ತದೆ. ಬಳಕೆದಾರರ ಖಾತೆಯ ರೋಲ್ಸ್ ಪುಟಕ್ಕೆ ಹೋದರೆ, ನೇರವಾಗಿ ಕೊಟ್ಟ ಪಾತ್ರಗಳು ಒಂದು ಕಡೆ, ಯೂಸರ್ ಗ್ರೂಪ್‌ನಂಥ ದಾರಿಯಿಂದ ಬಂದ ಪಾತ್ರಗಳು ಇನ್ನೊಂದು ಕಡೆ ಇರುತ್ತವೆ. ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೆ ಕಾರಣ ಸಿಕ್ಕಿಬಿಡುತ್ತದೆ. ನಿರಾಕರಣೆಯ ನಿಯಮಗಳೂ ಇದ್ದಿದ್ದರೆ ಯಾವ ನಿಯಮ ಯಾವುದನ್ನು ಮೀರಿಸುತ್ತದೆ ಎಂಬ ಲೆಕ್ಕವನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕಾಗುತ್ತಿತ್ತು.

ಇದನ್ನೆಲ್ಲ ಪರೀಕ್ಷಿಸಲು ಇರುವ 'ಇಂಪರ್ಸನೇಟ್ ಯೂಸರ್' ಎಂಬ ಸೌಲಭ್ಯವೇ ಈ ತಂತ್ರಾಂಶದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಅಡ್ಮಿನ್ ಖಾತೆಗೆ ಅನುಮತಿಯ ಅಡ್ಡಿಯೇ ಇಲ್ಲದ್ದರಿಂದ, ಆ ಖಾತೆಯಲ್ಲಿ ಕುಳಿತು ಪುಟ ಸರಿಯಾಗಿ ಕಾಣುತ್ತಿದೆ ಎನ್ನುವುದಕ್ಕೆ ಅರ್ಥವಿಲ್ಲ. ಅದಕ್ಕಾಗಿ ಯಾವುದೇ ಅನುಮತಿಯನ್ನು ಬದಲಿಸಿದ ಕೂಡಲೇ ಬಳಕೆದಾರರ ಪಟ್ಟಿಗೆ ಹೋಗಿ, ಆ ಪಾತ್ರದ ಒಬ್ಬರ ಹೆಸರಿನ ಎದುರಿನ ಮೆನುವಿನಲ್ಲಿ ಇದನ್ನು ಒತ್ತುತ್ತೇನೆ. ಹೊಸ ಟ್ಯಾಬ್ ತೆರೆದುಕೊಳ್ಳುತ್ತದೆ, ಅವರ ಪಾಸ್‌ವರ್ಡ್ ಬೇಕಾಗುವುದಿಲ್ಲ, ಅವರಿಗೆ ಕಾಣುವ ಪೋರ್ಟಲ್ ನನ್ನ ಕಣ್ಣೆದುರಿಗೆ ಬರುತ್ತದೆ. ಮೆನುವಿನಲ್ಲಿ ಯಾವ ಪುಟಗಳಿವೆ, ಯಾವ ವಿಜೆಟ್‌ನ (ಪುಟದ ಮೇಲೆ ಇಡುವ ಸಣ್ಣ ಘಟಕದ) ಜಾಗ ಖಾಲಿಯಾಗಿದೆ ಎಂದು ನಿಧಾನವಾಗಿ ನೋಡುತ್ತೇನೆ. ಅಲ್ಲಿ ಮಾಡಿದ ಬದಲಾವಣೆಗಳು ಅವರೇ ಮಾಡಿದಂತೆ ದಾಖಲಾಗುವುದರಿಂದ ಬರೀ ನೋಡಿ ಟ್ಯಾಬ್ ಮುಚ್ಚುವುದು ನನ್ನ ಪದ್ಧತಿ. 'ನಿಮಗೆ ಈಗ ಕಾಣುತ್ತಿದೆಯೇ' ಎಂದು ಫೋನಿನಲ್ಲಿ ಕೇಳುವ ಅಗತ್ಯವೇ ಬೀಳುವುದಿಲ್ಲ.

ಪ್ರತಿಯೊಬ್ಬರೂ ಪುಟವನ್ನು ತಮಗೆ ಹೊಂದಿಸಿಕೊಳ್ಳುವ ವಿಷಯದಲ್ಲಿಯೂ ವಿನ್ಯಾಸ ಅಚ್ಚುಕಟ್ಟಾಗಿದೆ. ಜಾವಾ ಪೋರ್ಟಲ್‌ಗಳಿಗಾಗಿ ಬಂದ 2003ರ ಜೆಎಸ್‌ಆರ್ 168 ಮಾನದಂಡದಲ್ಲೇ ಪೋರ್ಟ್‌ಲೆಟ್‌ಗಳಿಗೆ (ವಿಜೆಟ್‌ಗಳ ಇನ್ನೊಂದು ಹೆಸರು) ವ್ಯೂ, ಎಡಿಟ್, ಹೆಲ್ಪ್ ಎಂಬ ಮೋಡ್‌ಗಳಿದ್ದವು. ಬಳಕೆದಾರರು ತಮ್ಮ ಆಯ್ಕೆಗಳನ್ನು ಉಳಿಸಿಕೊಳ್ಳಲೆಂದೇ ಎಡಿಟ್ ಮೋಡ್ ಇತ್ತು. ಆದರೆ ಲೈಫ್‌ರೇಯಲ್ಲಿ ಸೈಟ್‌ನ ಪುಟದ ಮೇಲಿರುವ ಪೋರ್ಟ್‌ಲೆಟ್‌ನ ಆಯ್ಕೆಗಳು ಸಾಮಾನ್ಯವಾಗಿ ಸೈಟ್‌ಗೇ ಸೇರಿರುತ್ತವೆ, ಒಬ್ಬರು ಬದಲಿಸಿದ್ದು ಎಲ್ಲರಿಗೂ ಕಾಣುತ್ತದೆ. ಇದಕ್ಕೆ ಪರಿಹಾರವಾಗಿ ಪುಟದ ಕೆಲವು ಕಾಲಂಗಳನ್ನು ಮಾತ್ರ 'ಕಸ್ಟಮೈಸಬಲ್' ಎಂದು ಗುರುತಿಸಬಹುದು. ನಾನು ಎಡಗಡೆಯ ಕಾಲಂನಲ್ಲಿ ಎಲ್ಲರೂ ನೋಡಲೇಬೇಕಾದ ಸೂಚನೆಗಳನ್ನು ಇಟ್ಟು, ಬಲಗಡೆಯದನ್ನು ಸದಸ್ಯರಿಗೆ ಬಿಟ್ಟುಕೊಟ್ಟಿದ್ದೇನೆ. ಅವರು ಅಲ್ಲಿ ಏನನ್ನು ಸೇರಿಸಿದರೂ ಸರಿಸಿದರೂ ಅದು ಅವರಿಗಷ್ಟೇ ಕಾಣುತ್ತದೆ. ನಾನು ಮೂಲ ಪುಟವನ್ನು ತಿದ್ದಿದಾಗ ಎಡಗಡೆಯದು ಎಲ್ಲರಿಗೂ ತಕ್ಷಣ ಬದಲಾಗುತ್ತದೆ, ಬಲಗಡೆಯ ಅವರ ಜೋಡಣೆಗೆ ಧಕ್ಕೆ ಬರುವುದಿಲ್ಲ. ಜೋಡಣೆ ಕಲಸಿಹೋದರೆ ಅವರೇ ರೀಸೆಟ್ ಒತ್ತಿ ಮೂಲಕ್ಕೆ ಮರಳಬಹುದು.

ಹೊಸದಾಗಿ ಅಳವಡಿಸುವವರು ಎರಡು ವಿಷಯಗಳನ್ನು ತಿಳಿದಿರಲೇಬೇಕು. ಪುಟವನ್ನು ಮೆನುವಿನಿಂದ ಮರೆಮಾಡುವುದು ಅನುಮತಿ ತೆಗೆದಂತಲ್ಲ. ಅನುಮತಿ ತೆಗೆದರೂ ಆ ಪುಟದಲ್ಲಿ ಕೊಂಡಿ ಹಾಕಿದ ಕಡತಕ್ಕೆ ತನ್ನದೇ ಬೇರೆ ಅನುಮತಿ ಇರುತ್ತದೆ. ಕೋಣೆಯ ಬಾಗಿಲಿಗೆ ಹಾಕಿದ ಬೀಗ ಒಳಗಿನ ಕಪಾಟಿಗೆ ಅನ್ವಯಿಸುವುದಿಲ್ಲ. ಕಡತದ ವಿಳಾಸ ಗೊತ್ತಿದ್ದವರಿಗೆ ಅದರ ವ್ಯೂ ಅನುಮತಿಯೂ ಇದ್ದರೆ ಅವರು ಅದನ್ನು ತೆರೆಯಬಹುದು. ಇನ್ನೊಂದು, ಬಳಕೆದಾರರ ಸ್ವಂತ ಪುಟಗಳಿಗೆ ಸಂಬಂಧಿಸಿದ್ದು. ತಂತ್ರಾಂಶದ ಸೆಟ್ಟಿಂಗ್‌ಗಳಿರುವ ಪ್ರಾಪರ್ಟೀಸ್ ಕಡತದಲ್ಲಿ ಅವುಗಳನ್ನು ನಿಷ್ಕ್ರಿಯಗೊಳಿಸಿದರೆ ಅವು ಕಣ್ಮರೆಯಾಗಿ ಎಲ್ಲೋ ಉಳಿದಿರುವುದಿಲ್ಲ, ಆ ಬಳಕೆದಾರರು ಮುಂದಿನ ಬಾರಿ ಲಾಗಿನ್ ಆದಾಗ ಅಳಿಸಿಯೇ ಹೋಗುತ್ತವೆ. ಹೊಸ ಪುಟಗಳು ತಾವಾಗಿ ಸೃಷ್ಟಿಯಾಗುವುದನ್ನು ಮಾತ್ರ ತಡೆಯಬೇಕಿದ್ದರೆ ಅದಕ್ಕೆ ಬೇರೆಯೇ ಸೆಟ್ಟಿಂಗ್ ಇದೆ.

ನನಗೆ ಇಂದಿಗೂ ಕೊರತೆಯೆನಿಸುವುದು ಒಂದೇ. ಬಳಕೆದಾರರು ಹೊಂದಿಸಿಕೊಳ್ಳಬಹುದಾದ ಕಾಲಂಗಳು, ವಿಜೆಟ್‌ಗಳನ್ನು ಕಾಲಂಗಳಲ್ಲಿ ಜೋಡಿಸುವ ವಿಜೆಟ್ ಪುಟಗಳಲ್ಲಿ ಮಾತ್ರ ಸಿಗುತ್ತವೆ, ನೋಡಲು ಹೆಚ್ಚು ಸುಂದರವಾಗಿ ಕಟ್ಟಬಹುದಾದ ಕಂಟೆಂಟ್ ಪುಟಗಳಲ್ಲಿ ಇಲ್ಲ. ಹಾಗಾಗಿ ನಮ್ಮ ಮುಖಪುಟ ಕಂಟೆಂಟ್ ಪುಟವಾಗಿದೆ, ಪ್ರತಿಯೊಬ್ಬರ ಕೆಲಸದ ಪುಟ ಹಳೆಯ ವಿಜೆಟ್ ರೂಪದಲ್ಲೇ ಇದೆ. ಚಂದಾ ಕಟ್ಟಬೇಕಾದ ಆವೃತ್ತಿಯನ್ನು ಕೊಳ್ಳುವ ಸ್ಥಿತಿಯಲ್ಲಿ ಇಲ್ಲದೆ, ಹಲವು ವಿಭಾಗಗಳ ಜನರಿಗೆ ಬೇರೆ ಬೇರೆ ಪುಟ ತೋರಿಸಬೇಕಾದ ಸಂಸ್ಥೆಗಳಿಗೆ ಈ ಸಮುದಾಯ ಆವೃತ್ತಿಯನ್ನು ಧೈರ್ಯವಾಗಿ ಸೂಚಿಸುತ್ತೇನೆ. ಎಲ್ಲರೂ ಒಂದೇ ಪುಟವನ್ನು ನೋಡುವ ಸಣ್ಣ ತಂಡಕ್ಕೆ ಇಷ್ಟು ದೊಡ್ಡ ವ್ಯವಸ್ಥೆಯ ಅಗತ್ಯವಿಲ್ಲ.