ಕರಡಿಗೆ ವರ್ಡ್‌ಸ್ಟಾರ್, ಅಂತಿಮ ಪ್ರತಿಗೆ ವರ್ಡ್‌ಪರ್ಫೆಕ್ಟ್: ದೀರ್ಘಕಾಲದ ಬಳಕೆಯ ನಂತರ

ಕ್ರಯಪತ್ರ, ಭೋಗ್ಯಪತ್ರ, ಕರಾರು, ಅಫಿಡವಿಟ್‌ಗಳ ಇಂಗ್ಲಿಷ್ ಕರಡು ಸಿದ್ಧಪಡಿಸುವುದು ನನ್ನ ಕಸುಬು. 1990ರ ದಶಕದ ಆರಂಭದಿಂದ ಈ ಕೆಲಸಕ್ಕೆ ನಾನು ನೆಚ್ಚಿಕೊಂಡಿರುವುದು ಮುಖ್ಯವಾಗಿ ಡಾಸ್‌ನಲ್ಲಿ (ವಿಂಡೋಸ್‌ಗೂ ಹಿಂದಿನ ಪಿಸಿ ಕಾರ್ಯವ್ಯವಸ್ಥೆ) ನಡೆಯುವ ಎರಡು ಬರವಣಿಗೆ ತಂತ್ರಾಂಶಗಳನ್ನು: ವರ್ಡ್‌ಸ್ಟಾರ್ ಮತ್ತು ವರ್ಡ್‌ಪರ್ಫೆಕ್ಟ್ 5.1. ಸಣ್ಣಪುಟ್ಟ ಪಠ್ಯ ಕಡತಗಳನ್ನು ತಿದ್ದಲು ವಿಐ (vi) ಎಂಬ ಎಡಿಟರ್ ಕೂಡ ಬಳಸುತ್ತೇನೆ. ಕಕ್ಷಿದಾರರಿಗೆ ಕಳುಹಿಸುವ ಪ್ರತಿ ಇಂದಿನ ತಂತ್ರಾಂಶದಲ್ಲೇ ಹೋಗುತ್ತದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಒಕ್ಕಣೆಯನ್ನು ಯೋಚಿಸುತ್ತ ಬರೆಯುವ ಹಂತದಲ್ಲಿ ವರ್ಡ್‌ಸ್ಟಾರ್‌ಗೆ ಸಮನಾದದ್ದು ನನಗೆ ಇನ್ನೂ ಸಿಕ್ಕಿಲ್ಲ.

ಸೀಮೋರ್ ರೂಬಿನ್‌ಸ್ಟೈನ್ ಅವರ ಮೈಕ್ರೋಪ್ರೊ ಕಂಪನಿಗಾಗಿ ರಾಬ್ ಬಾರ್ನಬಿ 1970ರ ದಶಕದ ಕೊನೆಯಲ್ಲಿ ವರ್ಡ್‌ಸ್ಟಾರ್ ಬರೆದರು. ಡಾಸ್‌ಗೂ ಹಿಂದಿನ ಸಿಪಿ/ಎಂ ಎಂಬ ಕಾರ್ಯವ್ಯವಸ್ಥೆಯ ಯಂತ್ರಗಳಿಗೆ ಜೋಡಿಸುತ್ತಿದ್ದ ಟರ್ಮಿನಲ್‌ಗಳು (ಪರದೆ ಮತ್ತು ಕೀಲಿಮಣೆ) ಹಲವು ಬಗೆಯವು. ಬಾಣದ ಕೀಲಿಗಳು ಎಲ್ಲದರಲ್ಲೂ ಇರುತ್ತವೆಂದು ನಂಬುವಂತಿರಲಿಲ್ಲ. ಹಾಗಾಗಿ ಕರ್ಸರ್ ಓಡಿಸುವ ಕೆಲಸ ಎಡಗೈಯ ಅಕ್ಷರಗಳಿಗೇ ಬಂತು. ಕಂಟ್ರೋಲ್ ಒತ್ತಿ ಹಿಡಿದರೆ ಇ ಮೇಲಕ್ಕೆ, ಎಕ್ಸ್ ಕೆಳಕ್ಕೆ, ಎಸ್ ಎಡಕ್ಕೆ, ಡಿ ಬಲಕ್ಕೆ. ಎ ಮತ್ತು ಎಫ್ ಒಂದೊಂದು ಪದ ದಾಟಿಸುತ್ತವೆ, ಆರ್ ಮತ್ತು ಸಿ ಒಂದೊಂದು ಪರದೆ. ಟೈಪಿಂಗ್ ಸ್ಕೂಲಿನಲ್ಲಿ ಬೆರಳು ಪಳಗಿಸಿಕೊಂಡವರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂದು ಬೇರೆ ಹೇಳಬೇಕಿಲ್ಲ. ಕೈ ತನ್ನ ಸಾಲು ಬಿಟ್ಟು ಕದಲುವುದೇ ಇಲ್ಲ.

ನನ್ನನ್ನು ನಿಜವಾಗಿ ಹಿಡಿದಿಟ್ಟಿರುವುದು ಅದರ ಬ್ಲಾಕ್, ಅಂದರೆ ಗುರುತು ಹಾಕಿಟ್ಟ ಪಠ್ಯಭಾಗ. ಕಂಟ್ರೋಲ್-ಕೆ ನಂತರ ಬಿ ಒತ್ತಿದರೆ ಬ್ಲಾಕಿನ ಆರಂಭ, ಕಂಟ್ರೋಲ್-ಕೆ ನಂತರ ಇನ್ನೊಮ್ಮೆ ಕೆ ಒತ್ತಿದರೆ ಅಂತ್ಯ. ಗುರುತು ಹಾಕಿದ ಮೇಲೆ ಕರ್ಸರ್ ಎಲ್ಲಿಗೆ ಹೋದರೂ, ಏನು ಟೈಪ್ ಮಾಡಿದರೂ ಆ ಗುರುತು ಅಲ್ಲೇ ಉಳಿಯುತ್ತದೆ. ಇಂದಿನ ತಂತ್ರಾಂಶಗಳಲ್ಲಿ ಒಂದು ಭಾಗವನ್ನು ಆಯ್ದುಕೊಂಡು ಬೇರೆಡೆ ಒಂದು ಅಕ್ಷರ ತಿದ್ದಲು ಹೋದರೆ ಆಯ್ಕೆ ಅಳಿಸಿಹೋಗುತ್ತದೆ. ಬರೆಯುವವನ ಮನಸ್ಸು ಹಾಗೆ ನಡೆಯುವುದಿಲ್ಲ. ಕ್ರಯಪತ್ರದ ನಡುವೆ ಒಂದು ಷರತ್ತು ತಪ್ಪಾದ ಜಾಗದಲ್ಲಿದೆ ಅನ್ನಿಸುತ್ತದೆ, ಎಲ್ಲಿ ಹಾಕಬೇಕೆಂಬುದು ಇನ್ನೂ ಸ್ಪಷ್ಟವಾಗಿರುವುದಿಲ್ಲ. ಆ ಷರತ್ತನ್ನು ಗುರುತಿಸಿಟ್ಟು, ಮುಂದೆ ಓದುತ್ತ, ದಾರಿಯಲ್ಲಿ ಸಿಕ್ಕ ತಪ್ಪುಗಳನ್ನು ತಿದ್ದುತ್ತ, ಸರಿಯಾದ ಜಾಗ ಕಂಡಾಗ ಕಂಟ್ರೋಲ್-ಕೆ ವಿ ಒತ್ತುತ್ತೇನೆ. ಷರತ್ತು ಅಲ್ಲಿಗೆ ಬಂದು ಕೂರುತ್ತದೆ. ನಕಲು ಸಾಕೆಂದಾದರೆ ವಿ ಬದಲು ಸಿ. ಆ ತನಕ ಅದು ಮೂಲ ಜಾಗದಲ್ಲೇ ಇರುತ್ತದೆ. ಕತ್ತರಿಸಿ ಎಲ್ಲೋ ಕಾಣದ ಕಡೆ ಇಟ್ಟು, ಮರೆತು, ಕಳೆದುಕೊಳ್ಳುವ ಭಯವಿಲ್ಲ.

ಇದರ ಜೊತೆಗೆ ಸೊನ್ನೆಯಿಂದ ಒಂಬತ್ತರವರೆಗಿನ ಗುರುತುಗಳಿವೆ. ಷೆಡ್ಯೂಲಿನಲ್ಲಿ ಚಕ್ಕುಬಂದಿ ಆರಂಭವಾಗುವಲ್ಲಿ ಕಂಟ್ರೋಲ್-ಕೆ 1 ಎಂದು ಹಾಕಿಟ್ಟರೆ, ಪತ್ರದ ಯಾವ ಮೂಲೆಯಲ್ಲಿದ್ದರೂ ಕಂಟ್ರೋಲ್-ಕ್ಯೂ 1 ಅಲ್ಲಿಗೆ ಕರೆದೊಯ್ಯುತ್ತದೆ, ಕಂಟ್ರೋಲ್-ಕ್ಯೂ ಪಿ ಹಿಂದಿದ್ದ ಜಾಗಕ್ಕೆ ಮರಳಿಸುತ್ತದೆ. ಪದೇ ಪದೇ ಬೇಕಾಗುವ ಒಕ್ಕಣೆಗಳನ್ನು ಬೇರೆ ಬೇರೆ ಕಡತಗಳಲ್ಲಿ ಇಟ್ಟಿದ್ದೇನೆ. ಕಂಟ್ರೋಲ್-ಕೆ ಆರ್ ಒತ್ತಿ ಕಡತದ ಹೆಸರು ಕೊಟ್ಟರೆ ಸಾಕು, ಒಕ್ಕಣೆ ಪತ್ರದೊಳಕ್ಕೆ ಬರುತ್ತದೆ.

ಕೊರತೆಗಳು ಇಲ್ಲದಿಲ್ಲ. ಹಳೆಯ ಆವೃತ್ತಿಗಳಲ್ಲಿ ಒಂದು ಪದ ಸೇರಿಸಿದರೆ ಸಾಲುಗಳು ತಾವಾಗಿ ಹೊಂದಿಕೊಳ್ಳುತ್ತಿರಲಿಲ್ಲ, ಪ್ರತಿ ಪ್ಯಾರಾಕ್ಕೂ ಕಂಟ್ರೋಲ್-ಬಿ ಒತ್ತಬೇಕಿತ್ತು. ಕಂಪ್ಯೂಟರ್ ಪ್ರತಿ ಅಕ್ಷರವನ್ನು ಎಂಟು ಬಿಟ್‌ಗಳಲ್ಲಿ (ಸೊನ್ನೆ-ಒಂದುಗಳಲ್ಲಿ) ಇಡುತ್ತದೆ, ಇಂಗ್ಲಿಷಿಗೆ ಏಳೇ ಸಾಕು. ಕಡತದಲ್ಲಿ ಪದದ ಕೊನೆಯ ಅಕ್ಷರದ ಎಂಟನೆಯ ಬಿಟ್ಟನ್ನು ವರ್ಡ್‌ಸ್ಟಾರ್ ತನ್ನ ಗುರುತಿಗಾಗಿ ಬಳಸುತ್ತಿದ್ದುದರಿಂದ, ಆ ಕಡತಗಳನ್ನು ಇಂದು ನೇರವಾಗಿ ತೆರೆದರೆ ಪದಗಳ ತುದಿಯಲ್ಲೆಲ್ಲ ವಿಚಿತ್ರ ಚಿಹ್ನೆಗಳು ಕಾಣುತ್ತವೆ. ಆ ಬಿಟ್ಟನ್ನು ತೆಗೆದುಹಾಕುವ ಸಣ್ಣ ಪ್ರೋಗ್ರಾಂ ಇದ್ದರೆ ಪಠ್ಯ ಪೂರ್ತಿ ಮರಳಿ ಸಿಗುತ್ತದೆ. 1980ರ ದಶಕದ ಮಧ್ಯಭಾಗದಲ್ಲಿ ಮೈಕ್ರೋಪ್ರೊ ವರ್ಡ್‌ಸ್ಟಾರ್ 2000 ಎಂಬ ಬೇರೆಯದೇ ತಂತ್ರಾಂಶ ತಂದು ಪಳಗಿದ ಕೀಲಿಗಳನ್ನೇ ಬದಲಿಸಿತು. ಕೈಗೆ ಕಲಿಸಿದ್ದನ್ನು ಬಳಕೆದಾರನಿಂದ ಕಿತ್ತುಕೊಳ್ಳುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ವರ್ಡ್‌ಪರ್ಫೆಕ್ಟ್ ಹುಟ್ಟಿದ್ದು ಅಮೆರಿಕದ ಯೂಟಾದಲ್ಲಿ, ಅಲನ್ ಆಶ್ಟನ್ ಮತ್ತು ಬ್ರೂಸ್ ಬಾಸ್ಟಿಯನ್ ಅವರಿಂದ. 1989ರ 5.1 ಆವೃತ್ತಿ ಅದರ ಶಿಖರ. ಹೆಚ್ಚುಕಡಿಮೆ ಖಾಲಿ ಪರದೆ, ಕೆಳಗೆ ಒಂದು ಸಾಲು, ಉಳಿದದ್ದೆಲ್ಲ ಫಂಕ್ಷನ್ ಕೀಲಿಗಳಲ್ಲಿ. ಪ್ರತಿ ಕೀಲಿಗೂ ಶಿಫ್ಟ್, ಆಲ್ಟ್, ಕಂಟ್ರೋಲ್ ಸೇರಿ ನಾಲ್ಕು ಕೆಲಸ. ಕೀಲಿಮಣೆಯ ಮೇಲಿಡುವ ಬಣ್ಣದ ಪಟ್ಟಿ ಇಲ್ಲದೆ ಹೊಸಬರಿಗೆ ಏನೂ ನಡೆಯದು. ಸಹಾಯ ಎಫ್3ರಲ್ಲಿ, ರದ್ದು ಎಫ್1ರಲ್ಲಿ, ಹೊರಬರಲು ಎಫ್7. ಕರಡು ಬರೆಯುವಾಗ ಕೈ ಮತ್ತೆ ಮತ್ತೆ ಸಾಲು ಬಿಟ್ಟು ಏಳಬೇಕು, ಆಯ್ದ ಭಾಗ ಕರ್ಸರ್‌ಗೆ ಅಂಟಿಕೊಂಡೇ ಇರುತ್ತದೆ.

ಆದರೆ ಅಂತಿಮ ಪ್ರತಿಯ ರೂಪ ಒಪ್ಪಮಾಡುವಾಗ ಅದರ ರಿವೀಲ್ ಕೋಡ್ಸ್‌ಗೆ (ಅಡಗಿರುವ ವಿನ್ಯಾಸ ಸಂಕೇತಗಳನ್ನು ತೋರಿಸುವ ಸೌಲಭ್ಯ) ಸಾಟಿಯಿಲ್ಲ. ಆಲ್ಟ್-ಎಫ್3 ಒತ್ತಿದರೆ ಪರದೆ ಎರಡಾಗಿ, ದಪ್ಪಕ್ಷರ ಎಲ್ಲಿ ಆರಂಭ, ಎಲ್ಲಿ ಅಂತ್ಯ, ಅಂಚು ಎಲ್ಲಿ ಬದಲಾಯಿತು ಎಂಬುದೆಲ್ಲ ಕೆಳಗಿನ ಭಾಗದಲ್ಲಿ ಬಿಚ್ಚಿಕೊಳ್ಳುತ್ತದೆ. ಬೇಡದ ಸಂಕೇತವನ್ನು ಅಕ್ಷರದಂತೆಯೇ ಅಳಿಸಬಹುದು. ದಾಖಲೆ ಯಾಕೆ ಹೀಗೆ ಕಾಣುತ್ತಿದೆ ಎಂಬ ಪ್ರಶ್ನೆಗೆ ಇಷ್ಟು ಪ್ರಾಮಾಣಿಕವಾಗಿ ಉತ್ತರಿಸುವ ತಂತ್ರಾಂಶ ಇನ್ನೊಂದನ್ನು ನಾನು ಕಂಡಿಲ್ಲ. ಪ್ಯಾರಾ ಸಂಖ್ಯೆಗಳು ತಾವಾಗಿ ಬರುತ್ತವೆ, ‘7ನೆಯ ಷರತ್ತಿನಂತೆ’ ಎಂಬಂತಹ ಉಲ್ಲೇಖಗಳನ್ನು ಗುರುತು ಹಾಕಿಟ್ಟರೆ ಷರತ್ತು ಜಾಗ ಬದಲಿಸಿದ ಮೇಲೆ ಒಂದೇ ಆದೇಶದಲ್ಲಿ ಸರಿಹೊಂದುತ್ತವೆ. ಅಮೆರಿಕದ ವಕೀಲರು ಇದನ್ನು ಬಹುಕಾಲ ಬಿಡದೆ ಹಿಡಿದದ್ದು ಸಹಜವೇ. ಇದರ ಕಡತಗಳು ಲಿಬ್ರೆಆಫೀಸ್ ಎಂಬ ಇಂದಿನ ಉಚಿತ ತಂತ್ರಾಂಶದಲ್ಲಿ ಈಗಲೂ ತೆರೆಯುತ್ತವೆ. ಹಳೆಯ ದಾಖಲೆ ಉಳಿಸಿಕೊಳ್ಳಬೇಕಾದವರಿಗೆ ಇದು ಸಣ್ಣ ಮಾತಲ್ಲ.

ಎರಡಕ್ಕೂ ಪೆಟ್ಟು ಕೊಟ್ಟದ್ದು ಐಬಿಎಂನ 101 ಕೀಲಿಗಳ ಕೀಲಿಮಣೆ. ಮೊದಲ ಪಿಸಿಯಲ್ಲಿ ಕಂಟ್ರೋಲ್ ಎ ಅಕ್ಷರದ ಪಕ್ಕದಲ್ಲಿತ್ತು, ಹತ್ತು ಫಂಕ್ಷನ್ ಕೀಲಿಗಳು ಎಡಬದಿಯಲ್ಲಿದ್ದವು. 1980ರ ದಶಕದ ಮಧ್ಯಭಾಗದ ಹೊಸ ವಿನ್ಯಾಸ ಕಂಟ್ರೋಲನ್ನು ಕೆಳಮೂಲೆಗೆ ತಳ್ಳಿ, ಆ ಜಾಗವನ್ನು ಕ್ಯಾಪ್ಸ್ ಲಾಕ್‌ಗೆ ಕೊಟ್ಟು, ಫಂಕ್ಷನ್ ಕೀಲಿಗಳನ್ನು ತಲೆಯ ಮೇಲೇರಿಸಿತು. ವರ್ಡ್‌ಸ್ಟಾರ್ ಪ್ರಯತ್ನಿಸುವವರು ಮೊದಲು ಕ್ಯಾಪ್ಸ್ ಲಾಕನ್ನು ಕಂಟ್ರೋಲ್ ಆಗಿ ಬದಲಿಸಿಕೊಳ್ಳಲೇಬೇಕು. ಇಲ್ಲವಾದರೆ ಕಿರುಬೆರಳು ನೋಯುತ್ತದೆ, ದೂರು ತಂತ್ರಾಂಶದ ತಲೆಗೆ ಬರುತ್ತದೆ.

ವಿಐ ಬಗ್ಗೆ ಚಿಕ್ಕದಾಗಿ: ಬರ್ಕ್ಲಿಯಲ್ಲಿ ಬಿಲ್ ಜಾಯ್ 1976ರಲ್ಲಿ ರೂಪಿಸಿದ ಇದು ಪ್ರೋಗ್ರಾಂ ಮತ್ತು ಪಟ್ಟಿಗಳಿಗೆ ಅತ್ಯುತ್ತಮ. ಹಿಂದಿನ ತಿದ್ದುಪಡಿಯನ್ನು ಒಂದು ಚುಕ್ಕಿಯಿಂದ ಪುನರಾವರ್ತಿಸುವ ಸೌಲಭ್ಯಕ್ಕೆ ತಲೆಬಾಗುತ್ತೇನೆ. ವಾಕ್ಯ ಹೆಣೆಯುವಾಗ ಮಾತ್ರ ಬರೆಯುವ ಸ್ಥಿತಿ, ಆದೇಶದ ಸ್ಥಿತಿ ಎಂದು ಬದಲಿಸುತ್ತಿರುವುದು ನನಗೆ ಒಗ್ಗುವುದಿಲ್ಲ.

ಕನ್ನಡದ ಕೆಲಸಕ್ಕೆ ಇವು ಆಗುವುದಿಲ್ಲ. ಡಾಸ್ ಕಾಲದಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಪರದೆಯ ಮೇಲೆ ಕನ್ನಡ ಮೂಡಿಸುತ್ತಿತ್ತು. ಆದರೆ ಭಾರತೀಯ ಲಿಪಿಗಳಿಗಾಗಿ ಆಗ ಬಳಸುತ್ತಿದ್ದ ಇಸ್ಕಿ ಸಂಕೇತದಲ್ಲಿ ಅಕ್ಷರಗಳನ್ನು ಗುರುತಿಸುವುದೂ ವರ್ಡ್‌ಸ್ಟಾರ್ ಆಕ್ರಮಿಸಿದ್ದ ಆ ಎಂಟನೆಯ ಬಿಟ್ಟಿನಿಂದಲೇ, ಹಾಗಾಗಿ ಎರಡೂ ಒಟ್ಟಿಗೆ ನಡೆಯುವಂತಿಲ್ಲ. ಈಗ ಕನ್ನಡ ಪತ್ರಗಳನ್ನು ಯೂನಿಕೋಡ್‌ನಲ್ಲಿ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಬರೆಯುತ್ತೇನೆ. ಅದೂ ಬೆರಳಿನ ಸ್ವಭಾವ ಬಲ್ಲವರು ಮಾಡಿದ ಕೆಲಸ.

ಇಂಗ್ಲಿಷ್‌ನಲ್ಲಿ ದೀರ್ಘವಾಗಿ ಬರೆಯುವವರಿಗೆ, ಕೀಲಿ ನೋಡದೆ ಟೈಪ್ ಮಾಡಬಲ್ಲವರಿಗೆ ವರ್ಡ್‌ಸ್ಟಾರ್ 7 ಅನ್ನು ಧೈರ್ಯವಾಗಿ ಸೂಚಿಸುತ್ತೇನೆ. ಕೆನಡಾದ ವೈಜ್ಞಾನಿಕ ಕಾದಂಬರಿಕಾರ ರಾಬರ್ಟ್ ಜೆ. ಸಾಯರ್ 2024ರಲ್ಲಿ ಅದನ್ನು ಕೈಪಿಡಿಗಳ ಸಮೇತ ಜೋಡಿಸಿ ಎಲ್ಲರಿಗೂ ಸಿಗುವಂತೆ ಮಾಡಿದ್ದಾರೆ, ಇಂದಿನ ಕಂಪ್ಯೂಟರಿನಲ್ಲಿ ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ನಡೆಯುತ್ತದೆ. ಲಿನಕ್ಸ್ ಬಳಸುವವರು ಜೋ ಎಡಿಟರ್‌ನ ಜೆಸ್ಟಾರ್ ರೂಪದಿಂದ ಆರಂಭಿಸಬಹುದು, ಕೀಲಿಗಳು ಬಹುಪಾಲು ಅವೇ.