ಪೊರಕೆ ಹಿಡಿಯಲು ಕಲಿತವರು: ನಮ್ಮೂರ ಯುವ ರಂಗತಂಡದ ‘ಜಲಗಾರ’

ನಮ್ಮೂರಿನ ಯುವ ರಂಗತಂಡವು ಈ ಬಾರಿ ಕುವೆಂಪು ಅವರ ‘ಜಲಗಾರ’ವನ್ನು ಆಡಿತು. ಊರವರೆಲ್ಲ ಶಿವನ ಗುಡಿಗೆ ಹೊರಟಾಗಲೂ ಬೀದಿ ಗುಡಿಸುತ್ತಲೇ ಉಳಿಯುವ ಜಲಗಾರನೆದುರು ಕೊನೆಗೆ ಶಿವನೇ ಜಗತ್ತಿನ ಜಲಗಾರನಾಗಿ ಬಂದು ನಿಲ್ಲುವ ಈ ಪುಟ್ಟ ನಾಟಕ 1928ರದು. ಹೈಸ್ಕೂಲು ಮತ್ತು ಕಾಲೇಜಿನ ಮಕ್ಕಳ ಬಾಯಲ್ಲಿ ಅದು ನಿನ್ನೆ ಮೊನ್ನೆ ಬರೆದಂತೆ ಕೇಳಿಸಿತು.

ತಾಲೀಮು ಶುರುವಾದ ಮೇಲೆ ಈ ಮಕ್ಕಳು ಎರಡು ವಾರ ಬೆಳಗಿನ ಐದೂವರೆಗೇ ಎದ್ದು ಪೌರಕಾರ್ಮಿಕರ ಜೊತೆ ಪೇಟೆ ಬೀದಿಗೆ ಹೋಗಿದ್ದರು. ಕೆಲಸದ ಲಯವನ್ನು ಮೈಗೆ ತಂದುಕೊಳ್ಳಬೇಕೆಂಬುದು ಹೆಗ್ಗೋಡಿನ ರಂಗಶಿಕ್ಷಣ ಕೇಂದ್ರವಾದ ನೀನಾಸಮ್‌ನಲ್ಲಿ ಕಲಿತು ಬಂದ ನಿರ್ದೇಶಕರ ಸೂಚನೆಯಾಗಿತ್ತು. ಅಷ್ಟು ದಿನ ತಮ್ಮ ಮನೆಯ ಮುಂದೆಯೇ ಗುಡಿಸುತ್ತಿದ್ದವರ ಹೆಸರನ್ನು ಅನೇಕ ಮಕ್ಕಳು ಮೊದಲ ಬಾರಿಗೆ ಕೇಳಿ ತಿಳಿದದ್ದು ಆಗಲೇ. ನಾಟಕದ ದಿನ ಆ ಪೌರಕಾರ್ಮಿಕರು ಮನೆಮಂದಿಯೊಡನೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅಧ್ಯಕ್ಷರ ಭಾಷಣ, ಹಾರ ತುರಾಯಿಗಳಿಗೆಂದು ಮೀಸಲಿಡುವ ಆ ಸಾಲನ್ನು ಅವರಿಗೆ ಬಿಟ್ಟುಕೊಟ್ಟದ್ದು ನನಗೆ ತುಂಬ ಹಿಡಿಸಿತು.

ಜಲಗಾರನ ಪಾತ್ರವನ್ನು ಪದವಿ ಓದುತ್ತಿರುವ ಹುಡುಗಿಯೊಬ್ಬಳು ವಹಿಸಿದ್ದಳು. ಗುಡಿಗೆ ಬಾರದಿರುವುದೇಕೆಂದು ಕೇಳಿದವರಿಗೆ ಉತ್ತರ ಕೊಡುವಾಗ ಅವಳು ದನಿ ಏರಿಸಲಿಲ್ಲ, ಪೊರಕೆಯನ್ನೂ ನಿಲ್ಲಿಸಲಿಲ್ಲ. ಅಳು ಬರಿಸುವ ಹಂಬಲವಿಲ್ಲದ ಆ ಸಂಯಮ ಈ ವಯಸ್ಸಿಗೆ ಅಪರೂಪದ್ದು. ಶಿವನ ಪ್ರವೇಶಕ್ಕೆ ಹೊಗೆ, ಬಣ್ಣದ ದೀಪ ಯಾವುದೂ ಇರಲಿಲ್ಲ. ಇನ್ನೊಂದು ಪೊರಕೆ ನೆಲಕ್ಕೆ ತಾಗುವ ಸದ್ದಷ್ಟೇ ಪಕ್ಕದ ಪರದೆಯಿಂದ ಕೇಳಿತು.

ಕೊರತೆಗಳೂ ಇದ್ದವು. ಪ್ರಾಸವಿಲ್ಲದ ಪದ್ಯವಾದ ಸರಳ ರಗಳೆಯ ಮಾತು ಸಾಲಿನ ತುದಿಯನ್ನು ದಾಟಿ ಹರಿಯಬೇಕು, ಆದರೆ ಕೆಲವರು ಸಾಲು ಮುಗಿದಲ್ಲೆಲ್ಲ ಉಸಿರು ಎಳೆದುಕೊಂಡದ್ದರಿಂದ ಅರ್ಥ ತುಂಡಾಯಿತು. ಹಿಂದಿನ ಸಾಲುಗಳಲ್ಲಿ ಕುಳಿತವರಿಗೆ ಮಾತು ಸರಿಯಾಗಿ ಮುಟ್ಟಲಿಲ್ಲ. ಹಳೆಯ ನಾಟಕವನ್ನು ಆಡುವವರು ಭಾವಕ್ಕಿಂತ ಮೊದಲು ಉಚ್ಚಾರಕ್ಕೆ ಬೆವರು ಸುರಿಸಬೇಕೆಂದೇ ನನ್ನ ಅಭಿಪ್ರಾಯ. ಮುಂದಿನ ಪ್ರದರ್ಶನಕ್ಕೆ ಮುನ್ನ ಕನ್ನಡ ಮೇಷ್ಟ್ರೊಬ್ಬರನ್ನು ತಾಲೀಮಿಗೆ ಕರೆದರೆ ಒಳ್ಳೆಯದು.

ಟಿಕೆಟ್ಟಿಗೆ 50 ರೂಪಾಯಿ, ಮಕ್ಕಳಿಗೆ ಉಚಿತ. ಒಂದು ಗಂಟೆಯೊಳಗೆ ಮುಗಿಯುವುದರಿಂದ ಚಿಕ್ಕವರನ್ನೂ ಧಾರಾಳವಾಗಿ ಕರೆದೊಯ್ಯಬಹುದು.

ನಾಟಕ ಮುಗಿದ ಮೇಲೆ ಹಿರಿಯ ಪೌರಕಾರ್ಮಿಕ ಮಹಿಳೆಯೊಬ್ಬರು ರಂಗಕ್ಕೆ ಹತ್ತಿ, “ಮಗಾ, ಹಂಗ್ ಹಿಡುದ್ರೆ ಸೊಂಟ ಹೋಗ್ತದೆ” ಎಂದು ಆ ಹುಡುಗಿಯ ಕೈಯನ್ನು ಪೊರಕೆಯ ಮೇಲೆ ಒಂದಿಷ್ಟು ಮೇಲಕ್ಕೆ ಸರಿಸಿದರು. ಎರಡನೆಯ ದಿನವೂ ನಾನು ಹೋಗಿದ್ದೆ. ಅವಳ ಕೈ ಅವರು ತೋರಿಸಿದ ಜಾಗದಲ್ಲೇ ಇತ್ತು.