ಮಾಳಿಗೆಯ ಮೇಲಿನ ಸೋಲಾರ್: ಎರಡು ಬೇಸಿಗೆ ಕಂಡ ಮೇಲೆ

ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ ನಮ್ಮ ಮನೆಯ ಮಾಳಿಗೆಯ ಮೇಲೆ 2024ರ ಮಾರ್ಚ್ ತಿಂಗಳಲ್ಲಿ ಮೂರು ಕಿಲೋವ್ಯಾಟ್‌ನ ಸೋಲಾರ್ ಹಾಕಿಸಿದೆವು. 540 ವ್ಯಾಟ್‌ನ ಆರು ಪ್ಯಾನೆಲ್, ಬ್ಯಾಟರಿಯಿಲ್ಲದೆ ನೇರ ಕರೆಂಟ್ ಲೈನಿಗೇ ಜೋಡಿಸುವ ಒಂದು ಆನ್‌ಗ್ರಿಡ್ ಇನ್ವರ್ಟರ್, ಎಂಟಡಿ ಎತ್ತರದ ಕಬ್ಬಿಣದ ಚೌಕಟ್ಟು ಮತ್ತು ಲೈನಿಗೆ ಕೊಟ್ಟದ್ದನ್ನೂ ಲೈನಿನಿಂದ ತೆಗೆದದ್ದನ್ನೂ ಅಳೆಯುವ ನೆಟ್ ಮೀಟರ್ ಎಲ್ಲ ಸೇರಿ 1,95,000 ರೂಪಾಯಿ ಆಯಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆ ಘೋಷಣೆಯಾಗಿತ್ತು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ ಸಿಗುತ್ತದೆ; ದೇಶದಲ್ಲೇ ತಯಾರಾದ ಸೆಲ್‌ಗಳ ಪ್ಯಾನೆಲ್ ಆಗಿರಬೇಕೆಂಬ ಷರತ್ತಿದೆ. ಹಾಕಿಸಿದ ಏಜೆನ್ಸಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಬೇಕಾಗಿರುವುದು ವಸ್ತುವಿನ ಬಗ್ಗೆ, ಮತ್ತು ಹವಾಮಾನದ ಪ್ರಶ್ನೆಗೆ ಅದು ಎಷ್ಟರಮಟ್ಟಿಗೆ ಉತ್ತರವಾದೀತು ಎಂಬುದರ ಬಗ್ಗೆ.

ಎಂಟಡಿ ಚೌಕಟ್ಟಿನ ಮಾತು ಮೊದಲು ಹೇಳುತ್ತೇನೆ, ಏಕೆಂದರೆ ನಮ್ಮ ಕಡೆಯಲ್ಲಿ ಮಾಳಿಗೆ ಎಂದರೆ ಖಾಲಿ ಬಿದ್ದ ಜಾಗವಲ್ಲ. ಅವ್ವ ಅಲ್ಲಿ ಸಂಡಿಗೆ, ಶಾವಿಗೆ ಒಣಗಿಸುತ್ತಾಳೆ. ಹೊಸ ತೊಗರಿಬೇಳೆಗೆ ಎಣ್ಣೆ ಸವರಿ ಬಿಸಿಲಿಗೆ ಹಾಕುತ್ತಾಳೆ. ಏಪ್ರಿಲ್ ಬಂತೆಂದರೆ ರಾತ್ರಿ ಮನೆಮಂದಿಯೆಲ್ಲ ಹಾಸಿಗೆ ಹೊತ್ತು ಅಲ್ಲಿಗೇ ಹತ್ತುತ್ತೇವೆ. ಏಜೆನ್ಸಿಯವರು ಮೊದಲು ತೋರಿಸಿದ್ದು ಮೊಣಕಾಲೆತ್ತರದ ಚೌಕಟ್ಟು. ಅದನ್ನು ಒಪ್ಪಿದ್ದರೆ ಮಾಳಿಗೆಯ ಅರ್ಧ ಹೋಗುತ್ತಿತ್ತು. ಎತ್ತರಿಸಲು 18,000 ರೂಪಾಯಿ ಹೆಚ್ಚು ಕೊಟ್ಟೆವು, ಆ ಹಣ ಸಾರ್ಥಕವಾಯಿತು: ಪ್ಯಾನೆಲ್‌ಗಳ ಕೆಳಗೆ ಹಗಲು ನೆರಳು, ಅದರ ಕೆಳಗಿನ ಕೋಣೆಯಲ್ಲಿ ಮಧ್ಯಾಹ್ನದ ಕಾವು ಕೈಗೆ ತಿಳಿಯುವಷ್ಟು ಕಡಿಮೆ.

ಕೆಲಸದ ವೇಗದ ಬಗ್ಗೆ ಎರಡು ಮಾತು ಹೇಳಬೇಕು, ಎರಡೂ ನಿಜ. ನಾಲ್ಕು ಮಂದಿ ಹುಡುಗರು ಬಂದು ಎರಡೇ ದಿನದಲ್ಲಿ ಚೌಕಟ್ಟು ನಿಲ್ಲಿಸಿ, ಪ್ಯಾನೆಲ್ ಕೂರಿಸಿ, ವೈರ್ ಎಳೆದು ಮುಗಿಸಿದರು. ಆದರೆ ಸ್ವಿಚ್ ಹಾಕುವಂತಿರಲಿಲ್ಲ. ಮನೆಯ ಆರ್‌ಆರ್ ನಂಬರ್, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆ, ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿತ್ತು, ಅದನ್ನು ನನ್ನ ಹೆಸರಿಗೆ ಬದಲಾಯಿಸದೆ ನೆಟ್ ಮೀಟರ್ ಆಗಲಿ ಸಹಾಯಧನವಾಗಲಿ ಸಿಗುವಂತಿರಲಿಲ್ಲ. ಹನ್ನೊಂದು ವರ್ಷ ಆ ಕೆಲಸ ಮಾಡದೆ ಬಿಟ್ಟದ್ದು ನಮ್ಮದೇ ತಪ್ಪು. ಮೊದಲ ದಿನವೇ ಕಾಗದ ನೋಡಿ ಹೇಳದಿದ್ದದ್ದು ಏಜೆನ್ಸಿಯ ತಪ್ಪು. ವಾರಸುದಾರರ ಪತ್ರ, ಅಣ್ಣನ ಒಪ್ಪಿಗೆ ಪತ್ರ, ಮರಣ ಪ್ರಮಾಣಪತ್ರದ ನಕಲು ಎಂದು ಓಡಾಡುವಷ್ಟರಲ್ಲಿ ಜೂನ್ ಕೊನೆಯಾಗಿತ್ತು. ಜಗತ್ತಿನ ಸರಾಸರಿ ತಾಪಮಾನ ಕೈಗಾರಿಕಾ ಯುಗಕ್ಕೆ ಮೊದಲಿದ್ದುದಕ್ಕಿಂತ 1.5 ಡಿಗ್ರಿಗೂ ಹೆಚ್ಚಾದ ಮೊದಲ ವರ್ಷವೆಂದು ದಾಖಲಾದ 2024ರ ಆ ಬೇಸಿಗೆಯನ್ನು ನಮ್ಮ ಆರು ಪ್ಯಾನೆಲ್‌ಗಳು ಬರೀ ನೆರಳು ಕೊಡುತ್ತಾ ಕಳೆದವು.

ಮಳೆಗಾಲದಲ್ಲಿ ಚೌಕಟ್ಟಿನ ಎರಡು ಕಾಲುಗಳ ಬುಡದಲ್ಲಿ ಸೋರಿತು. ಕಾಂಕ್ರೀಟ್ ಕಟ್ಟೆ ಕಟ್ಟಿ ಕಾಲು ನಿಲ್ಲಿಸುವ ಬದಲು ಸ್ಲ್ಯಾಬಿಗೇ ತೂತು ಕೊರೆದು ಬೋಲ್ಟ್ ಹಾಕಿದ್ದರು. ಫೋನ್ ಮಾಡಿದಾಗಲೆಲ್ಲ "ಆಗ್ತದ್ರಿ ಸರ್, ಮಾಡ್ಸಿ ಕೊಡ್ತೀವ್ರಿ" ಎಂಬ ಉತ್ತರ. ನಾಲ್ಕನೆಯ ಸಲ ಅವರ ಅಂಗಡಿಗೆ ಹೋಗಿ, ಯಾವ ದಿನ ಎಂದು ಚೀಟಿಯ ಮೇಲೆ ಬರೆದು ಸಹಿ ಹಾಕಿರೆಂದು ಕುಳಿತೆ. ಬರೆದುಕೊಟ್ಟ ದಿನವೇ ಬಂದು ಸರಿಮಾಡಿದರು.

ಇನ್ನು ಉತ್ಪಾದನೆ. ಮೊಬೈಲಿನ ಆ್ಯಪ್‌ನಲ್ಲಿ ಪ್ರತಿದಿನದ ಲೆಕ್ಕ ಬರುತ್ತದೆ. 2025ರ ಮಾರ್ಚ್‌ನ ಒಳ್ಳೆಯ ದಿನಗಳಲ್ಲಿ 14 ಯೂನಿಟ್‌ಗೂ ಮೀರಿ ಬಂತು. ಮೋಡ ಮುಸುಕಿದ ಜುಲೈ ದಿನಗಳಲ್ಲಿ ಏಳೆಂಟಕ್ಕೆ ಇಳಿಯಿತು. ವರ್ಷದ ಸರಾಸರಿ ದಿನಕ್ಕೆ 12 ಯೂನಿಟ್ ಎನ್ನಬಹುದು. ಹಾಕಿಸುವಾಗ ಏಜೆನ್ಸಿಯ ಹುಡುಗ "ಬಿಸಲಿಗೇನ್ ಬರ ಅದರಿ ನಮ್ಮ ಊರಾಗ?" ಎಂದು ನಕ್ಕಿದ್ದ. ನಾನೂ ನಂಬಿದ್ದೆ. ಆದರೆ ಹಗಲು ಹೆಚ್ಚು ದೀರ್ಘವಾಗಿರುವ ಮೇ ತಿಂಗಳಲ್ಲಿ, 43 ಡಿಗ್ರಿ ಕಾಯುವ ದಿನಗಳಲ್ಲಿ, ಉತ್ಪಾದನೆ ಮಾರ್ಚ್‌ಗಿಂತ ಕಡಿಮೆಯಾಯಿತು. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಕಾವಲ್ಲ. ಅದರ ಮೇಲೆ ಬರೆದಿರುವ ವ್ಯಾಟ್ ಲೆಕ್ಕವೆಲ್ಲ ಸೆಲ್ 25 ಡಿಗ್ರಿಯಲ್ಲಿದ್ದಾಗಿನದು. ಅದಕ್ಕಿಂತ ಪ್ರತಿ ಡಿಗ್ರಿ ಏರಿದಂತೆ ಶಕ್ತಿ ಸುಮಾರು ಶೇ 0.35ರಷ್ಟು ಕುಂದುತ್ತದೆ. ನಮ್ಮ ಮೇ ತಿಂಗಳ ಮಧ್ಯಾಹ್ನ ಸೆಲ್ 65 ಡಿಗ್ರಿ ಮುಟ್ಟಿದರೆ ಅಲ್ಲಿಗೇ ಶೇ 14 ಹೋಯಿತು. ಭೂಮಿಯ ಜ್ವರ ಇಳಿಸಲು ತಂದ ಔಷಧದ ಶಕ್ತಿಯನ್ನು ಆ ಜ್ವರವೇ ಸ್ವಲ್ಪಸ್ವಲ್ಪ ತಿನ್ನುತ್ತಿದೆ ಎಂಬುದು ನನಗೆ ಹೊಳೆದದ್ದು ಆ್ಯಪ್‌ನ ಆ ಗೆರೆಯನ್ನು ನೋಡುವಾಗ.

ಧೂಳಿನ ಕಾಟ ಬೇರೆ. ತೊಗರಿ ರಾಶಿಯ ದಿನಗಳಲ್ಲಿ ವಾರಕ್ಕೊಮ್ಮೆ ತೊಳೆಯಲೇಬೇಕು, ಆದರೆ ಬೋರ್‌ವೆಲ್ಲಿನ ಗಡಸು ನೀರಿನಿಂದ ತೊಳೆದರೆ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ನಸುಕಿನಲ್ಲಿ, ಗಾಜು ತಣ್ಣಗಿರುವಾಗ, ನಳದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು ಉತ್ತಮ. ಮತ್ತೊಂದು ಸಂಗತಿಯನ್ನು ಹಾಕಿಕೊಡುವವರು ಮೊದಲೇ ಬಿಡಿಸಿ ಹೇಳಬೇಕು: ಕರೆಂಟ್ ಹೋದರೆ ಈ ಸೋಲಾರ್ ಸಹ ನಿಲ್ಲುತ್ತದೆ. ಲೈನಿನ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯದಿರಲೆಂದು ಇನ್ವರ್ಟರ್ ತಾನಾಗಿ ಬಂದ್ ಆಗುವ ವ್ಯವಸ್ಥೆ ಅದು, ಸರಿಯಾದದ್ದೇ. ಆದರೂ ಸುಡುಬಿಸಿಲಿನ ಮಧ್ಯಾಹ್ನ, ತಲೆಯ ಮೇಲೆ ಮೂರು ಕಿಲೋವ್ಯಾಟ್ ಇಟ್ಟುಕೊಂಡು ಬೀಸಣಿಕೆಯಿಂದ ಗಾಳಿ ಹಾಕಿಕೊಳ್ಳುವಾಗ ಆ ತರ್ಕ ಸಮಾಧಾನ ಕೊಡುವುದಿಲ್ಲ.

ನಮ್ಮ ಓಣಿಯಲ್ಲಿ ಇದನ್ನು ಹಾಕಿಸಿದವರು ನಾವೊಬ್ಬರೇ. ಕಾರಣ ಸರಳವಾಗಿದೆ. ರಾಜ್ಯ ಸರ್ಕಾರದ 2023ರ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ಗಳ ಮಿತಿಯೊಳಗೆ ಬಿಲ್ ಇಲ್ಲ, ಹೀಗಾಗಿ ಹೆಚ್ಚಿನ ಮನೆಗಳಿಗೆ ಸೋಲಾರ್‌ನಿಂದ ಉಳಿಯುವುದು ಏನೂ ಇಲ್ಲ. "ಪುಕ್ಕಟೆ ಬರ್ತದಲ್ರಿ, ನಿಮಗ್ಯಾಕ ಈ ಉಸಾಬರಿ?" ಎಂದು ಎದುರು ಮನೆಯವರು ಕೇಳಿದರು. ನಮ್ಮದು ಎ.ಸಿ. ಇರುವ ಮನೆ, ಬೇಸಿಗೆಯಲ್ಲಿ 200 ದಾಟಿ ಪೂರ್ತಿ ಬಿಲ್ ಕಟ್ಟುತ್ತಿದ್ದೆವು, ಅದಕ್ಕೇ ಲೆಕ್ಕ ಕೂಡಿತು. ಬಡವರ ಮನೆಗೆ ಬೆಳಕು ಬಂದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ಸರ್ಕಾರ ಮಾಳಿಗೆಗೆ ಹಣ ಕೊಡುವಾಗ ಇನ್ನೊಂದು ಸರ್ಕಾರ ಆ ಮಾಳಿಗೆಯ ಅಗತ್ಯವನ್ನೇ ತೆಗೆದರೆ, ಹಂತಹಂತದ ಸುಧಾರಣೆ ನಿಂತಲ್ಲೇ ನಿಲ್ಲುತ್ತದೆ. 2022ರೊಳಗೆ ದೇಶದ ಮಾಳಿಗೆಗಳ ಮೇಲೆ 40,000 ಮೆಗಾವ್ಯಾಟ್ ಆಗಬೇಕೆಂಬ ಹಿಂದಿನ ಗುರಿಯ ಹತ್ತಿರವೂ ನಾವು ಹೋಗಲಿಲ್ಲ.

2025ರ ಮಾರ್ಚ್‌ನಲ್ಲಿ ನಮ್ಮ ಬಿಲ್ ಸೊನ್ನೆಯಾಯಿತು. ಆ ಸಂಭ್ರಮದಲ್ಲಿ ಏಪ್ರಿಲ್‌ನಲ್ಲಿ ಅವ್ವನ ಕೋಣೆಗೆ ಎರಡನೆಯ ಎ.ಸಿ. ತಂದೆವು. ಎಂಜಿನಿಯರಿಂಗ್ ಓದುವ ಅಣ್ಣನ ಮಗಳು ಬೇಸಿಗೆ ರಜೆಗೆ ಬಂದವಳು ಬಿಲ್ ತಿರುಗಿಸಿ ನೋಡಿ, "ಬಿಲ್ ಸೊನ್ನಿ ಬಂದದ ಕಾಕಾ, ರಾಯಚೂರಿನ ಹೊಗಿ ಸೊನ್ನಿ ಆಗ್ಯಾದೇನು?" ಎಂದಳು. ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಪ್ಯಾನೆಲ್‌ಗಳು ಹಗಲಿನ ಹನ್ನೆರಡು ಯೂನಿಟ್‌ನಲ್ಲಿ ಮನೆಗೆ ಬಳಸಿ ಉಳಿದದ್ದನ್ನು ಲೈನಿಗೆ ಕೊಡುತ್ತವೆ; ಎರಡು ಎ.ಸಿ.ಗಳು ರಾತ್ರಿಯೆಲ್ಲ ಸುಮಾರು ಅಷ್ಟನ್ನೇ ಲೈನಿನಿಂದ ಎಳೆಯುತ್ತವೆ. ನೆಟ್ ಮೀಟರ್ ಎರಡನ್ನೂ ಕೂಡಿ ಕಳೆದು ಸೊನ್ನೆ ಬರೆಯಬಹುದು. ಆದರೆ ರಾತ್ರಿಯ ಆ ಯೂನಿಟ್‌ಗಳ ಬಹುಪಾಲು ಬರುವುದು ಕಲ್ಲಿದ್ದಲಿನಿಂದ, ರಾಯಚೂರು ಬಳಿ ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಿಂದ ಉರಿಯುತ್ತಿರುವ 1,720 ಮೆಗಾವ್ಯಾಟ್‌ನಂಥ ಸ್ಥಾವರಗಳಿಂದ. ಇಡೀ ದೇಶದ ಲೆಕ್ಕವೂ ನಮ್ಮ ಮನೆಯ ಬಿಲ್ಲಿನಂತೆಯೇ ಇದೆ. 2025ರ ಜೂನ್ ವೇಳೆಗೆ ಭಾರತದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳಲ್ಲದ ಮೂಲಗಳದ್ದಾಯಿತು, 2030ಕ್ಕೆ ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮೊದಲೇ ಮುಟ್ಟಿತು. ಆದರೆ ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಈಗಲೂ ಕಲ್ಲಿದ್ದಲಿನದೇ.

ಲೈನಿನ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ನಮ್ಮ ಮಾಳಿಗೆ ವರ್ಷಕ್ಕೆ ಮೂರು ಟನ್ ಉಳಿಸುತ್ತದೆ. ಎರಡನೆಯ ಎ.ಸಿ. ಅದರಲ್ಲಿ ಒಂದಷ್ಟನ್ನು ಆಗಲೇ ತಿಂದಿದೆ. ಸೇಡಂ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳ ಮುಂದೆ ಮೂರು ಟನ್ ಯಾವ ಲೆಕ್ಕ ಎಂದು ಅವಳು ಮುಂದುವರಿಸಿದಳು, ಅದೂ ಸರಿ. ಸಿಮೆಂಟಿನಲ್ಲಿ ಉರುವಲಿನ ಹೊಗೆಗಿಂತ ಸುಣ್ಣದ ಕಲ್ಲು ಕಾಯ್ದು ಬಿಡುವ ಇಂಗಾಲವೇ ಹೆಚ್ಚು, ಅದನ್ನು ಯಾವ ಸೋಲಾರ್ ಪ್ಯಾನೆಲ್ಲೂ ತಡೆಯಲಾರದು. ಎಲ್ಲವನ್ನೂ ನಾಳೆಯೇ ಮುಚ್ಚಬೇಕೆಂಬ ಅವಳ ಆತುರವನ್ನು ಮಾತ್ರ ನಾನು ಒಪ್ಪಲಿಲ್ಲ. ಸಿಮೆಂಟಿನ ಊರು ವಾಡಿಯಲ್ಲಿ, ಶಕ್ತಿನಗರದಲ್ಲಿ ಆ ಚಿಮಣಿಗಳನ್ನೇ ನಂಬಿ ಮೂರು ತಲೆಮಾರು ಬದುಕಿವೆ, ಮತ್ತು ಸಂಜೆ ಏಳರ ಮೇಲೆ ಆಸ್ಪತ್ರೆಗೂ ಕರೆಂಟ್ ಬೇಕು.

ಆದರೆ ನಿಧಾನ ಎಂಬುದಕ್ಕೆ ಎರಡು ಅರ್ಥಗಳಿವೆ, ಅವೆರಡನ್ನೂ ನಾನು ಈ ಏಜೆನ್ಸಿಯಿಂದಲೇ ಕಲಿತೆ. "ಆಗ್ತದ್ರಿ" ಎಂಬುದು ಒಂದು ನಿಧಾನ, ಅದು ಎಂದೂ ಆಗುವುದಿಲ್ಲ. ದಿನ ಬರೆದು ಸಹಿ ಹಾಕಿದ ನಿಧಾನ ಇನ್ನೊಂದು, ಅದು ಆಗುತ್ತದೆ. 1.5 ಡಿಗ್ರಿಯೊಳಗೆ ಉಳಿಯಬೇಕಾದರೆ 2030ಕ್ಕೆ ಇಂಗಾಲದ ಹೊಗೆ 2010ರಲ್ಲಿದ್ದುದಕ್ಕಿಂತ ಶೇ 45ರಷ್ಟು ಇಳಿದಿರಬೇಕು ಎಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ 2018ರಲ್ಲೇ ಹೇಳಿತು. ಭಾರತ 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ, ಹೊಗೆಯನ್ನು ನಿವ್ವಳ ಸೊನ್ನೆಗೆ ಇಳಿಸಲು 2070 ಎಂಬ ಒಂದು ವರ್ಷವನ್ನು ಬರೆದುಕೊಟ್ಟಿದೆ. ಆದರೆ ಯಾವ ಘಟಕ ಯಾವ ವರ್ಷ ಆರಬೇಕು, ಅಲ್ಲಿನ ಕೆಲಸಗಾರರು ಎಲ್ಲಿಗೆ ಹೋಗಬೇಕು, ರಾತ್ರಿಯ ಬೇಡಿಕೆಗೆ ಬ್ಯಾಟರಿ ಎಷ್ಟು ಬೇಕು ಎಂಬ ಚೀಟಿಗಳು ಸಹಿಯಾಗಬೇಕು. ಈ ಅರ್ಥದಲ್ಲಿ ನಾನು ಈಗ ಅಣ್ಣನ ಮಗಳ ಪಕ್ಷದವನು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಿ ಬಿಸಿಲಿನ ಜೊತೆ ಹೊಂದಿಕೊಂಡಂತೆ ಎಲ್ಲದರಲ್ಲೂ ಹೊಂದಿಕೊಳ್ಳುತ್ತಾ ಹೋಗಬಹುದೆಂದು ನಾನು ಬಹಳ ದಿನ ನಂಬಿದ್ದೆ.

ಕೊಳ್ಳುವವರಿಗೆ ನನ್ನ ಸಲಹೆ: ತಿಂಗಳಿಗೆ 200 ಯೂನಿಟ್ ದಾಟುವ ಮನೆಯಾದರೆ ಹಾಕಿಸಿ, ಸಹಾಯಧನ ಕಳೆದು ನಾವು ಹಾಕಿದ ಹಣ ಐದಾರು ವರ್ಷಗಳಲ್ಲಿ ಮರಳುವಂತಿದೆ. ಮೊದಲು ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿದೆ ನೋಡಿ. ಚೌಕಟ್ಟಿನ ಎತ್ತರ, ಕಾಂಕ್ರೀಟ್ ಕಟ್ಟೆ, ಮೀಟರ್ ಬರುವ ಗಡುವು ಮೂರನ್ನೂ ಆರ್ಡರ್‌ನಲ್ಲಿ ಬರೆಸಿಕೊಳ್ಳಿ. ನೀರಿನ ಪಂಪು, ವಾಷಿಂಗ್ ಮಷಿನ್, ಇಸ್ತ್ರಿಯ ಕೆಲಸಗಳನ್ನು ಹಗಲು ಹನ್ನೊಂದರಿಂದ ಮೂರರೊಳಗೆ ಮುಗಿಸಿ. ನಾವು ಹಾಗೆ ಬದಲಿಸಿಕೊಂಡಿದ್ದೇವೆ.

ರಾತ್ರಿಯ ಒಂದು ಎ.ಸಿ.ಯನ್ನಾದರೂ ನಮ್ಮದೇ ಬಿಸಿಲಿನಿಂದ ನಡೆಸೋಣವೆಂದು ಬ್ಯಾಟರಿಗೆ ದರ ಕೇಳಿದ್ದೆ. ಕೊಟೇಶನ್ ಬಂದಿದೆ, ದರ ಕೈಗೆಟುಕುವಂತಿದೆ, ಕೂರಿಸಿಕೊಡುವ ದಿನಾಂಕದ ಜಾಗ ಮಾತ್ರ ಖಾಲಿ ಇದೆ. ಅದನ್ನು ತುಂಬಿ ತನ್ನಿರೆಂದು ಕಾಗದವನ್ನು ವಾಪಸು ಕಳಿಸಿದ್ದೇನೆ.